ಅರಿವೂ ತಕ್ಕಡಿಯೂ

ವಸ್ತುವಿನ ಬೆಲೆಯನ್ನು ಬಲ್ಲವನು ಅದನ್ನರಿಯದವನಿಂದ ಕೊಳ್ಳುವಾಗ ಮೌನದಿಂದಿರುವುದು ಧರ್ಮವೇ? ಈ ಪ್ರಶ್ನೆಯು ಈಚೆಗೆ ನಮ್ಮ ಜಡಿಗೇನಹಳ್ಳಿಯ ಒಂದು ಮನೆಯ ಜಗಲಿಯ ಮೇಲೆ ನನಗೆ ಎದುರಾಯಿತು.

ಕಾಲವಾದ ಬಡಗಿಯೊಬ್ಬರ ಉಪಕರಣಗಳನ್ನು ಅವರ ಮೊಮ್ಮಗನು ಗುಜರಿಯ ದರದಲ್ಲಿ ತೂಕಕ್ಕೆ ಹಾಕುತ್ತಿದ್ದನು. ಉಳಿ, ಬಾಚಿ, ಗರಗಸಗಳ ನಡುವೆ ಹಲಗೆಯನ್ನು ನುಣುಪುಗೊಳಿಸುವ ಎರಕದ ಕಬ್ಬಿಣದ ತೋಪಡವೊಂದಿತ್ತು. ತುಕ್ಕನ್ನು ಒರಸಿ ನೋಡಲು, ಹಿಡಿಯ ಮುಂದೆ 1902 ಮತ್ತು 1910ನೆಯ ಇಸವಿಗಳ ತಾರೀಖುಗಳು ಕಂಡವು. ಅಮೆರಿಕಾ ದೇಶದ ಸ್ಟ್ಯಾನ್ಲಿ ಕಾರ್ಖಾನೆಯ ಹಳೆಯ ತೋಪಡಗಳಲ್ಲಿ ಇಂತಹ ಅಂಕಗಳುಂಟು. ಅವು ರಚನೆಯ ಯುಕ್ತಿಗೆ ಹಕ್ಕುಪತ್ರ ದೊರೆತ ವರ್ಷಗಳೇ ಹೊರತು ವಸ್ತುವು ತಯಾರಾದ ವರ್ಷಗಳಲ್ಲ. ಆದುದರಿಂದ ಅದು 1910ಕ್ಕೆ ಮುಂಚಿನದಾಗಲಾರದೆಂದಷ್ಟೇ ಸಿದ್ಧವಾಗುವುದು. ಇಂತಹವಕ್ಕೆ ಕಬ್ಬಿಣದ ಬೆಲೆಯ ಹಲವು ಮಡಿ ಕೊಡುವವರಿದ್ದಾರೆಂಬುದನ್ನು ನಾನು ಬಲ್ಲೆನು. ಬಲ್ಲವನಾಗಿಯೂ ಕಬ್ಬಿಣದ ಬೆಲೆಯನ್ನೇ ಕೊಟ್ಟು ಮನೆಗೆ ತಂದೆನು.

ಅದರೊಡನೆ ತಂದ ಇನ್ನೊಂದು ಉಪಕರಣವು ಏನೆಂದು ಮಾತ್ರ ತಿಳಿಯಲಿಲ್ಲ: ಗೇಣುದ್ದದ ದುಂಡನೆಯ ಮರ, ತುದಿಯಲ್ಲಿ ಚಪ್ಪಟೆಯಾದ ಉಕ್ಕಿನ ಮೊನೆ, ನಡುವೆ ಸವೆದ ತಗ್ಗು. ಮರುದಿನ ಅದನ್ನು ಹಿಡಿದು ಆ ಮನೆಗೇ ಹೋಗಿ, ಬಡಗಿಯ ಪತ್ನಿಯಾದ ವೃದ್ಧೆಯನ್ನು ಕೇಳಿದೆನು. “ಬೈರಿಗೆ ಮೇಷ್ಟ್ರೇ. ಈ ತಗ್ಗಿಗೆ ಹಗ್ಗ ಸುತ್ತಿ ನಾನು ಎಳೀತಿದ್ದೆ, ಅವರು ಮೇಲೆ ಚಿಪ್ಪಿಟ್ಟು ಅದುಮಿ ಹಿಡೀತಿದ್ರು” ಎಂದು ಆಕೆ ಎರಡು ಕೈಗಳಿಂದಲೂ ಎಳೆದು ತೋರಿಸಿದರು.

ನೈಯಾಯಿಕರು ಉಪಮಾನವನ್ನು ಪ್ರತ್ಯೇಕ ಪ್ರಮಾಣವೆಂದು ಎಣಿಸುವರು. ಗವಯವೆಂಬ ಮೃಗವು ಹಸುವನ್ನು ಹೋಲುವುದೆಂದು ಕಾಡಿನವನು ಹೇಳಿದ್ದರೆ, ಮುಂದೆ ಅದನ್ನು ಕಂಡ ಊರಿನವನು ‘ಇದೇ ಗವಯ’ವೆಂದು ಅರಿಯುವನು. ಹೆಸರಿಗೂ ವಸ್ತುವಿಗೂ ಇರುವ ಸಂಬಂಧವನ್ನು ತಿಳಿಸಿದುದಕ್ಕೆ ಆ ಕಾಡಿನವನು ಬೆಲೆ ಕೇಳಲಿಲ್ಲ; ಈ ವೃದ್ಧೆಯೂ ಕೇಳಲಿಲ್ಲ. ನಾನಾದರೋ ಹಿಂದಿನ ದಿನವಷ್ಟೇ ನನ್ನ ಅರಿವನ್ನು ಮುಚ್ಚಿಟ್ಟು ಅದರಿಂದ ಲಾಭ ಪಡೆದಿದ್ದೆನು.

ಅರಿವು ಶ್ರಮದ ಫಲ, ಲಾಭವು ಅದರ ಕೂಲಿಯಲ್ಲವೇ ಎಂದು ಆಕ್ಷೇಪಿಸಬಹುದು. ಬಡಗಿಯು ಕೂಲಿ ಪಡೆದುದು ಕೇಳಿದವರಿಗೆ ಕೆಲಸ ಮಾಡಿಕೊಟ್ಟು. ನಾನು ಮಾಡಿದ ಕೆಲಸವೆಂದರೆ ಸುಮ್ಮನಿದ್ದುದು. ಸುಳ್ಳಾಡಲಿಲ್ಲವೆಂಬ ಸಮಾಧಾನವೂ ಸಲ್ಲದು. ತೋಪಡವು ತಕ್ಕಡಿಗೇರುವಾಗ ತಡೆಯದಿದ್ದುದೇ ‘ಇದು ಬರಿಯ ಕಬ್ಬಿಣ’ವೆಂದು ನುಡಿದುದಕ್ಕೆ ಸಮಾನ. ಮಹಾಭಾರತದ ಶಾಂತಿಪರ್ವದಲ್ಲಿ ಜಾಜಲಿಯೆಂಬ ತಪಸ್ವಿಗೆ ಧರ್ಮವನ್ನು ಬೋಧಿಸಿದವನು ತುಲಾಧಾರನೆಂಬ ವರ್ತಕ. ಅವನ ತಕ್ಕಡಿಯು ಸರ್ವರಿಗೂ ಸಮವಾಗಿತ್ತು. ತೂಕದ ಕಲ್ಲುಗಳು ಸರಿಯಿದ್ದ ಮಾತ್ರಕ್ಕೆ ಆ ಸಮತೆ ಬಾರದು. ಕೊಳ್ಳುವವನಲ್ಲಿ ಅರಿವೂ ಮಾರುವವನಲ್ಲಿ ಅಜ್ಞಾನವೂ ಇದ್ದು, ಅರಿತವನು ಬಾಯಿ ಬಿಡದಿದ್ದರೆ, ತೂಕ ಸರಿಯಾಗಿದ್ದೂ ವ್ಯಾಪಾರವು ಓರೆಯೇ.

ತೋಪಡವನ್ನು ಹಿಂದಕ್ಕೊಯ್ದು ಅದರ ಹೆಸರನ್ನೂ ಬೆಲೆಯನ್ನೂ ತಿಳಿಸಿದೆನು. ಮೊಮ್ಮಗನು ಮಾರೋಣವೆಂದನು, ಅಜ್ಜಿ ಬೇಡವೆಂದರು. ಅದು ಅವರ ಮನೆಯ ವಿಚಾರ. ಬೈರಿಗೆಯನ್ನು ಮಾತ್ರ ಆಕೆ ಮರಳಿ ಪಡೆಯದೆ ನನ್ನಲ್ಲಿಯೇ ಉಳಿಸಿದರು. ವಸ್ತುವನ್ನು ಗುರುತಿಸಿದವನ ಮೊದಲ ಕರ್ತವ್ಯವು, ಅದು ಯಾರದೋ ಅವರಿಗೆ ಅದರ ಹೆಸರನ್ನು ಹೇಳುವುದು. ಕ್ರಯದ ಮಾತು ಆಮೇಲಿನದು.