ಕೊಡುಗೆಯೋ, ಹಕ್ಕೋ: ಪೋರ್ಟ್ ಸನ್‌ಲೈಟ್

ಇಂಗ್ಲೆಂಡಿನ ಮರ್ಸಿ ನದಿಯ ಬಳಿಯ ಪೋರ್ಟ್ ಸನ್‌ಲೈಟ್, ಸನ್‌ಲೈಟ್ ಎಂಬ ಸಾಬೂನಿನ ಹೆಸರನ್ನೇ ಹೊತ್ತ ಹಳ್ಳಿ. ಆ ಸಾಬೂನಿನ ಉದ್ಯಮಿ ವಿಲಿಯಂ ಲಿವರ್ 1888ರಲ್ಲಿ ಇಲ್ಲಿನ ಜವುಗು ನೆಲದಲ್ಲಿ ಕಾರ್ಖಾನೆ ಕಟ್ಟಲು ತೊಡಗಿದ. ಕಚ್ಚಾ ಸರಕು ಬಂದಿಳಿಯಲು ನೀರಿನ ದಾರಿ, ಸಾಬೂನು ಸಾಗಿಸಲು ರೈಲು, ಎರಡೂ ಪಕ್ಕದಲ್ಲೇ ಇದ್ದವು.

ಕಾರ್ಮಿಕರಿಗಾಗಿ ಮನೆಗಳು, ಶಾಲೆ, ಆಸ್ಪತ್ರೆ ಎದ್ದವು. 1904ರಲ್ಲಿ ಚರ್ಚೂ ಬಂತು. ಲಾಭವನ್ನು ಹಣವಾಗಿ ಹಂಚಿದರೆ ಕುಡಿತಕ್ಕೂ ತಿನಿಸಿಗೂ ಕರಗೀತು, ಒಳ್ಳೆಯ ಮನೆಯಾಗಿ ಕೊಟ್ಟರೆ ಬದುಕು ಹಸನಾದೀತು ಎಂಬುದು ಲಿವರನ ವಾದ. ಕೊಳೆಗೇರಿಗಳಲ್ಲಿ ನಲುಗಿದ್ದವರಿಗೆ ಗಾಳಿ ಬೆಳಕಿನ ಮನೆ ಸಿಕ್ಕಿದ್ದು ಸಣ್ಣ ಮಾತಲ್ಲ. ಆದರೆ ದುಡಿದವನ ಪಾಲನ್ನು ದುಡಿಸಿದವನು ದಾನವೆಂದು ಕೊಡುವುದು ಧರ್ಮವೇ? ಮನೆಯ ಮುಂದಿನ ಕೈತೋಟವನ್ನು ಸಹ ಕಂಪನಿಯೇ ನೋಡಿಕೊಳ್ಳುತ್ತಿತ್ತು. ಕೆಲಸ ಹೋದರೆ ಸೂರೂ ಹೋಗುತ್ತಿತ್ತು. ತನ್ನ ಒಳಿತನ್ನು ತಾನೇ ಆರಿಸಿಕೊಳ್ಳಲಾಗದವನು ಎಷ್ಟೇ ಸುಖವಾಗಿದ್ದರೂ ಸ್ವತಂತ್ರನಲ್ಲ.

ಕಾಂಗೋದ ಸಂಗತಿ ಇನ್ನೂ ಕಟುವಾದದ್ದು. ಅಲ್ಲಿ 1911ರಲ್ಲಿ ಲಿವರ್ ಸಾಬೂನಿಗೆ ಬೇಕಾದ ತಾಳೆ ಎಣ್ಣೆಗಾಗಿ ಅಪಾರ ಭೂಮಿಯ ಗುತ್ತಿಗೆ ಪಡೆದ. ಆಫ್ರಿಕನ್ನರನ್ನು ಬಲವಂತದಿಂದ ದುಡಿಸಲಾಯಿತು. ಪೋರ್ಟ್ ಸನ್‌ಲೈಟಿನವರಿಗೆ ತೋರಿದ ಕರುಣೆ ಕಾಂಗೋದವರೆಗೆ ತಲುಪಲಿಲ್ಲ.

ಇತ್ತ, 1980ರ ದಶಕದಿಂದ ಪೋರ್ಟ್ ಸನ್‌ಲೈಟಿನ ಮನೆಗಳು ಹೊರಗಿನವರಿಗೂ ಮಾರಾಟವಾಗತೊಡಗಿದವು.