ಲೆಕ್ಕಿಗನ ಶ್ರದ್ಧೆ

ಮನುಷ್ಯನು ಮಾಡುವ ಕೆಲಸಗಳಲ್ಲಿ ಫಲವು ಕಣ್ಣಿಗೆ ಕಾಣುವಂಥವು ಕೆಲವು, ಕಾಣದಂಥವು ಕೆಲವು. ಒಕ್ಕಲಿಗನು ತಾನು ಬಿತ್ತಿದ ರಾಗಿಯು ತೆನೆಗೊಂಡುದನ್ನು ನೋಡುತ್ತಾನೆ. ಕುಂಬಾರನು ತನ್ನ ಗಡಿಗೆಯನ್ನು ತಾನೇ ತಟ್ಟಿ ಅದರ ನಾದವನ್ನು ಕೇಳುತ್ತಾನೆ. ವೈದ್ಯನಿಗೆ ಗುಣಹೊಂದಿದ ರೋಗಿಯ ಮುಖವೇ ಅರ್ಧ ಸಂಭಾವನೆ. ಆದರೆ ಫಲವನ್ನೂ ಕಾಣದೆ, ಯಾರಿಗಾಗಿ ದುಡಿಯುತ್ತಿರುವನೋ ಅವರ ಮುಖವನ್ನೂ ಕಾಣದೆ, ದಿನವೂ ಒಂದೇ ಬಗೆಯ ಬರವಣಿಗೆಯಲ್ಲಿ ತೊಡಗಿರುವವನ ಮನಸ್ಸು ಯಾವುದನ್ನು ಆಧರಿಸಿ ನಿಲ್ಲಬೇಕು? ಪ್ರಶ್ನೆಯು ಹಳೆಯದು, ಆದರೆ ಈ ಕಾಲದ ಒಂದು ಉದ್ಯೋಗದಲ್ಲಿ ಅದು ತೀಕ್ಷ್ಣವಾಗಿ ಎದ್ದಿದೆ. ಮೆಡಿಕಲ್ ಬಿಲ್ಲಿಂಗ್ ಎಂದು ಕರೆಯಲ್ಪಡುವ, ಆಸ್ಪತ್ರೆಯ ಲೆಕ್ಕ ಬರೆಯುವ ಉದ್ಯೋಗವೇ ಅದು.

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಚಿಕಿತ್ಸೆಯ ವೆಚ್ಚವನ್ನು ಬಹುಮಟ್ಟಿಗೆ ತೆರುವವರು ವಿಮಾ ಕಂಪನಿಗಳು ಮತ್ತು ಸರ್ಕಾರ. ಅವರಿಗೆ ಕಳುಹಿಸುವ ಬೇಡಿಕೆಯಲ್ಲಿ ರೋಗಕ್ಕೊಂದು, ಚಿಕಿತ್ಸೆಗೊಂದು ಸಂಕೇತವನ್ನು ಬರೆಯತಕ್ಕದ್ದು. ಎರಡೂ ಒಂದಕ್ಕೊಂದು ಹೊಂದಬೇಕು. ರೋಗಸಂಕೇತಗಳ ಮೂಲವು ಫ್ರೆಂಚ್ ಪಂಡಿತ ಜಾಕ್ ಬರ್ತಿಯೋಂ ೧೮೯೩ರಲ್ಲಿ ಷಿಕಾಗೋ ನಗರದಲ್ಲಿ ಮಂಡಿಸಿದ ಮರಣಕಾರಣಗಳ ಪಟ್ಟಿ. ೧೯೪೮ರಿಂದ ಅದರ ಪರಿಷ್ಕರಣವು ವಿಶ್ವ ಆರೋಗ್ಯ ಸಂಸ್ಥೆಯ ಹೊಣೆಯಾಯಿತು. ಅದರ ಹತ್ತನೆಯ ಪರಿಷ್ಕರಣವು ಅಮೆರಿಕಾದ ಬಿಲ್ಲುಗಳಲ್ಲಿ ಬಳಕೆಗೆ ಬಂದುದು ೨೦೧೫ರ ಅಕ್ಟೋಬರ್ ೧ರಂದು. ಅಲ್ಲಿಯ ರೂಪದಲ್ಲಿ ಸುಮಾರು ೭೦,೦೦೦ ಸಂಕೇತಗಳುಂಟು. ಈ ಬರವಣಿಗೆಯ ಒಂದು ಪಾಲು ಬೆಂಗಳೂರಿನಲ್ಲಿಯೂ ನಡೆಯುತ್ತದೆ. ಅಲ್ಲಿಯ ಹಗಲು ಇಲ್ಲಿಯ ಇರುಳಾದುದರಿಂದ, ಅಲ್ಲಿಯವರೊಡನೆ ಮಾತನಾಡಬೇಕಾದವರು ಊರು ಮಲಗಿರುವಾಗ ಎಚ್ಚತ್ತಿರುತ್ತಾರೆ.

ಇಂಥವರ ಉತ್ಸಾಹವು ಕುಂದಿದಾಗ ಸಾಮಾನ್ಯವಾಗಿ ಎರಡು ಔಷಧಗಳನ್ನು ಹೇಳುವುದುಂಟು. ಮೊದಲನೆಯದು ವೇತನ ಮತ್ತು ಬಹುಮಾನ. ಇದನ್ನು ಹಳಿಯುವುದು ನ್ಯಾಯವಲ್ಲ. ಸಂಸಾರವನ್ನು ಹೊತ್ತವನಿಗೆ ಸಂಬಳವು ಕೀಳು ಮಾತಲ್ಲ. ಆದರೆ ಸಂಬಳವು ಮನುಷ್ಯನನ್ನು ಮೇಜಿನವರೆಗೆ ತರಬಲ್ಲುದೇ ಹೊರತು, ಅವನ ಮನಸ್ಸನ್ನು ಮುಂದಿರುವ ಹಾಳೆಯ ಮೇಲೆ ನಿಲ್ಲಿಸಲಾರದು. ಎರಡನೆಯದು ನಿಷ್ಕಾಮಕರ್ಮದ ಉಪದೇಶ: ಫಲವನ್ನು ಚಿಂತಿಸದೆ ಕೆಲಸಮಾಡು ಎಂಬುದು. ಮಾತು ದೊಡ್ಡದು, ಆದರೆ ದಣಿದವನ ಬಾಯಿ ಮುಚ್ಚಿಸಲು ಅದನ್ನು ಬಳಸಿದಾಗ ಅದರ ಅರ್ಥವು ಕೆಡುತ್ತದೆ. ಫಲದ ಆಸೆಯನ್ನು ಬಿಡುವುದು ಬೇರೆ, ಫಲದ ಅರಿವನ್ನೇ ಬಿಡುವುದು ಬೇರೆ. ಮೊದಲನೆಯದು ವೈರಾಗ್ಯ, ಎರಡನೆಯದು ಬರಿಯ ಜಡತೆ. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ದಾಸೋಹದೊಡನೆ ಜೋಡಿಸಿದುದು ಇದಕ್ಕಾಗಿಯೇ ಎನ್ನಬಹುದು: ದುಡಿಮೆಯು ಯಾರನ್ನು ಮುಟ್ಟುತ್ತದೆ ಎಂಬುದೂ ದುಡಿಮೆಯ ಒಂದು ಅಂಗ.

ಹಾಗಾದರೆ ಈ ಲೆಕ್ಕಿಗನ ಕೆಲಸವು ಯಾರನ್ನು ಮುಟ್ಟುತ್ತದೆ? ಒಂದು ಉದಾಹರಣೆಯನ್ನು ನೋಡಬಹುದು. ಬಲಮೊಣಕಾಲಿನ ಕೀಲು ಸವೆದುದಕ್ಕೆ ಎಂ ೧೭.೧೧ ಎಂಬುದು ಸಂಕೇತ. ಎಡಮೊಣಕಾಲಿಗೆ ಎಂ ೧೭.೧೨. ಬಲಗಾಲಿಗೆ ಶಸ್ತ್ರಚಿಕಿತ್ಸೆಯಾಗಿ, ಎಡಗಾಲಿನ ಸಂಕೇತವು ಬಿದ್ದರೆ ಬೇಡಿಕೆಯು ತಿರಸ್ಕೃತವಾಗಿ ಹಿಂದಕ್ಕೆ ಬರುತ್ತದೆ. ತಿಂಗಳುಗಟ್ಟಲೆ ಪತ್ರವ್ಯವಹಾರ ನಡೆದು, ಕಡೆಗೆ ಅದರ ಹೊರೆಯು ಮುದುಕಿಯೊಬ್ಬಳ ಮನೆಬಾಗಿಲಿಗೂ ಬರಬಹುದು. ಹಿಂದೆ ಶಾನುಭೋಗರ ಲೇಖನಿಯ ಒಂದು ತಪ್ಪು ಗೆರೆಯಿಂದ ಬಡವನ ಹೊಲವು ಇನ್ನೊಬ್ಬನ ಹೆಸರಿಗೆ ಹೋಗಬಹುದಾಗಿತ್ತು. ಸರಿಯಾದ ಗೆರೆಯನ್ನು ಮಾತ್ರ ಯಾರೂ ಹೊಗಳುತ್ತಿರಲಿಲ್ಲ. ಇದೂ ಹಾಗೆಯೇ. ಇಲ್ಲಿ ಫಲವೆಂದರೆ ಒಂದು ಕೇಡು ನಡೆಯದೆ ಹೋದುದು. ನಡೆಯದುದನ್ನು ಕಣ್ಣು ಕಾಣಲಾರದು, ಬುದ್ಧಿಯು ಕಾಣಬಲ್ಲುದು. ಆ ಅಂಕೆಯು ಬರಿಯ ಅಂಕೆಯಲ್ಲ, ಗೈರುಹಾಜರಿಯಲ್ಲಿರುವ ಒಬ್ಬ ರೋಗಿಯ ಪರವಾದ ಸಾಕ್ಷ್ಯ ಎಂದು ತಿಳಿದವನಿಗೆ, ನೂರನೆಯ ಹಾಳೆಯೂ ಮೊದಲನೆಯ ಹಾಳೆಯಷ್ಟೇ ಹೊಸದು.

ಸಾಕ್ಷ್ಯವೆಂದ ಮೇಲೆ ಸತ್ಯದ ಪ್ರಶ್ನೆಯು ಬಂದೇ ಬರುತ್ತದೆ. ಹಳೆಯ ರೋಗಿಯು ವೈದ್ಯನನ್ನು ಕಂಡುದಕ್ಕೆ ೯೯೨೧೩ ಎಂದು ಬರೆದರೆ ಒಂದು ಬೆಲೆ, ೯೯೨೧೪ ಎಂದರೆ ಹೆಚ್ಚಿನ ಬೆಲೆ. ಇಲ್ಲದ ಶ್ರಮವನ್ನು ಇದ್ದಂತೆ ತೋರಿಸಲು ಒಂದು ಅಂಕೆ ಸಾಕು. ಸರ್ಕಾರಕ್ಕೆ ತಿಳಿದೂ ತಿಳಿದೂ ಸುಳ್ಳು ಬೇಡಿಕೆ ಸಲ್ಲಿಸುವುದರ ವಿರುದ್ಧ ಅಮೆರಿಕಾದಲ್ಲಿ ೧೮೬೩ರಷ್ಟು ಹಿಂದೆಯೇ ಕಾನೂನು ಹುಟ್ಟಿತು. ಆದರೆ ಕಾನೂನಿಗಿಂತ ಮುಂಚೆ ಆ ಅಂಕೆಯೆದುರು ಕುಳಿತಿರುವವನು ಲೆಕ್ಕಿಗನೇ. ಸತ್ಯವಿಲ್ಲದ ಉತ್ಸಾಹವು ಆಲಸ್ಯಕ್ಕಿಂತಲೂ ಕೆಟ್ಟದ್ದು. ಏಕೆಂದರೆ ಅದು ಕೇಡನ್ನು ಚುರುಕಾಗಿ ಮಾಡುತ್ತದೆ.

ಇಲ್ಲಿ ಯಜಮಾನನ ಹೊಣೆಯನ್ನೂ ಹೇಳಬೇಕಾಗಿದೆ. ಗಂಟೆಗೆ ಎಷ್ಟು ಹಾಳೆ ಮುಗಿಯಿತು ಎಂಬುದನ್ನು ಮಾತ್ರ ಎಣಿಸಿ, ಟಿಪ್ಪಣಿಯನ್ನು ಓದಲು ಬೇಕಾದ ಹೊತ್ತನ್ನೇ ಕೊಡದ ಕಚೇರಿಯಲ್ಲಿ ಶ್ರದ್ಧೆಯನ್ನು ಕೇಳುವುದು, ಎಣ್ಣೆಯಿಲ್ಲದ ದೀಪಕ್ಕೆ ಬೆಳಕನ್ನು ಕೇಳಿದಂತೆ. ಅಂಥಲ್ಲಿ ಉತ್ಸಾಹವು ಕುಂದಿದರೆ ಅದು ಕೆಲಸಗಾರನ ದೋಷವಲ್ಲ. ಅವನ ಅಂತಃಕರಣವು ಇನ್ನೂ ಜೀವಂತವಾಗಿದೆಯೆಂಬುದಕ್ಕೆ ಗುರುತು.

ಈ ವಿಚಾರವು ಕಡಲಾಚೆಯದು ಮಾತ್ರವೂ ಅಲ್ಲ. ೨೦೧೮ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯು ಅರ್ಹ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯನ್ನು ಗೊತ್ತುಮಾಡಿದೆ. ಅಲ್ಲಿಯೂ ರೋಗಿಗೂ ಹಣಕ್ಕೂ ನಡುವೆ ಒಬ್ಬ ಲೆಕ್ಕಿಗನುಂಟು.

ಅಲಂಕಾರಶಾಸ್ತ್ರವು ಉತ್ಸಾಹವನ್ನು ವೀರರಸದ ಸ್ಥಾಯಿಭಾವವೆಂದು ಹೇಳಿ, ಯುದ್ಧವೀರನ ಜೊತೆಗೆ ದಾನವೀರ, ದಯಾವೀರ, ಧರ್ಮವೀರರನ್ನೂ ಎಣಿಸಿತು. ನಡುವಿರುಳಿನಲ್ಲಿ, ಯಾರೂ ನೋಡದಿರುವಾಗ, ಇಲ್ಲದುದನ್ನು ಇದೆಯೆಂದು ಬರೆಯಲೊಲ್ಲದೆ ಅಂಕೆಯನ್ನು ಇದ್ದಂತೆಯೇ ಬಿಡುವವನಿಗೆ ಈ ಪಂಕ್ತಿಯಲ್ಲಿ ಸ್ಥಳವಿಲ್ಲವೆನ್ನಲು ಯಾವ ಕಾರಣವೂ ತೋರುವುದಿಲ್ಲ.