ಜಾಂಬವಂತನ ಕುಲವನ್ನು ನೋಡಲು ಹೋಗುವ ಮುನ್ನ

ಆಂಜನಾದ್ರಿಯ 575 ಮೆಟ್ಟಿಲು ಇಳಿದು ಹನುಮನಹಳ್ಳಿಯಲ್ಲಿ ಚಹಾ ಕುಡಿಯುತ್ತ ಕುಳಿತ ಯಾತ್ರಿಕರು ಈಗೀಗ ಒಂದು ಮಾತು ಕೇಳುತ್ತಾರೆ: "ದರೋಜಿಗೆ ಹ್ಯಾಂಗ ಹೋಗೋದ್ರೀ? ಕರಡಿ ಗ್ಯಾರಂಟಿ ಕಾಣ್ತಾವೇನ್ರೀ?" ದಾರಿ ಹೇಳುವುದು ಸುಲಭ. ಕಡೇಬಾಗಿಲು ಹತ್ತಿರ ಸೇತುವೆ ದಾಟಿ, ಬುಕ್ಕಸಾಗರ, ಕಮಲಾಪುರದ ಮೇಲೆ ಹೋಗಬೇಕು. ಎರಡನೆಯ ಪ್ರಶ್ನೆಯೇ ಕಠಿಣ.

ಸದ್ಭಕ್ತರೇ, ನಿಮ್ಮ ಆಸೆ ಸಹಜವಾದದ್ದೇ. ಕಡಲ ದಂಡೆಯಲ್ಲಿ ಹನುಮಂತನಿಗೆ ಅವನ ಬಲವನ್ನು ನೆನಪು ಮಾಡಿಕೊಟ್ಟವನು ಕರಡಿಗಳ ಒಡೆಯ ಜಾಂಬವಂತ. ಕಿಷ್ಕಿಂಧೆಯೆಂದು ನಾವು ನಂಬಿದ ಈ ಬಂಡೆಗುಡ್ಡಗಳ ಸೀಮೆಯಲ್ಲಿ ಕರಡಿಗಳು ಇಂದಿಗೂ ಇವೆ. ಅವುಗಳಿಗಾಗಿ 1994ರಲ್ಲಿ ದರೋಜಿ ಕರಡಿಧಾಮವಾಯಿತು. ಗೆದ್ದಲು, ಇರುವೆ, ಕವಳಿ ಹಣ್ಣು, ಬಾರಿ ಹಣ್ಣು, ಜೇನು ಅವುಗಳ ಆಹಾರ.

ಆದರೆ ಅಲ್ಲಿ ಬಹಳ ಕಾಲದಿಂದ ನಡೆದು ಬಂದ ಒಂದು ಪದ್ಧತಿಯುಂಟು. ಮಧ್ಯಾಹ್ನ ಸಿಬ್ಬಂದಿ ಬಂಡೆಗಳ ಮೇಲೆ ಬೆಲ್ಲ, ಜೇನು ಕಲಸಿದ ಪಾಕ ಸವರುತ್ತಾರೆ. ಅದರ ವಾಸನೆಗೆ ಕರಡಿ ಗವಿಯಿಂದ ಇಳಿದು ಬರುತ್ತದೆ, ಎದುರಿನ ವೀಕ್ಷಣಾ ಗೋಪುರದಿಂದ ನಾವು ನೋಡುತ್ತೇವೆ. ಇದು ಅನ್ನದಾನವೋ, ಆಮಿಷವೋ? ದಾನವೆಂದರೆ ಪಡೆದವನ ಹಸಿವಿಗಾಗಿ ಕೊಟ್ಟದ್ದು. ಇಲ್ಲಿ ಹಸಿವು ನಮ್ಮ ಕಣ್ಣಿನದು. ಬೆಟ್ಟದ ಮೆಟ್ಟಿಲ ಮೇಲೆ ಮಂಗಗಳಿಗೆ ಬಾಳೆಹಣ್ಣು ಚಾಚುವಾಗಲೂ ಇದೇ ಪ್ರಶ್ನೆ ಬರುತ್ತದೆ. ಕೊಟ್ಟವರು ಪುಣ್ಯ ಬಂತೆಂದು ಇಳಿದು ಹೋಗುತ್ತಾರೆ. ಕೈಚೀಲ ಕಸಿಸಿಕೊಂಡು ಕಚ್ಚಿಸಿಕೊಳ್ಳುವವರು ಹಿಂದೆ ಬರುವ ಮುದುಕಿಯರು, ಮಕ್ಕಳು.

ಪಾಕ ಸವರುವುದನ್ನು ನಾನು ಪೂರಾ ತಪ್ಪೆನ್ನಲಾರೆ. ಜನ ಒಂದೇ ಗೋಪುರದಲ್ಲಿ ಕೂತರೆ ಉಳಿದ ಕಾಡು ತಣ್ಣಗಿರುತ್ತದೆ. ಕರಡಿಯೆಂದರೆ ಬಡಿಗೆ ಹಿಡಿದು ಓಡುತ್ತಿದ್ದವರು ಮಕ್ಕಳನ್ನು ಕರೆತಂದು ತೋರಿಸುವಂತಾದದ್ದೂ ಸಣ್ಣ ಮಾತಲ್ಲ. ಆದರೂ ಊಟಕ್ಕೆ ಕರೆದವರು ಉಣ್ಣುವವರ ಮುಂದೆ ಹೇಗಿರಬೇಕು ಎಂಬುದನ್ನಾದರೂ ಕಲಿಯಬೇಡವೇ?

ಕೆಲವು ವರ್ಷದ ಹಿಂದೆ ತಂಗಿಯ ಮನೆಯವರೊಂದಿಗೆ ಹೋಗಿದ್ದೆ. ಎರಡು ತಾಸು ಏನೂ ಇಲ್ಲ. "ರೊಕ್ಕ ಕೊಟ್ಟು ಬಂದೀವಿ, ಕರಡಿನ ಇಲ್ಲಂದ್ರ ಹ್ಯಾಂಗ?" ಎಂದು ಪಕ್ಕದವರ ಗೊಣಗಾಟ ಬೇರೆ. ಕೊನೆಗೆ ಎರಡು ಮರಿಗಳನ್ನು ಬೆನ್ನ ಮೇಲೆ ಹೊತ್ತ ತಾಯಿ ಬಂಡೆಯ ಮರೆಯಿಂದ ಬಂತು. ಎಲ್ಲರ ಉಸಿರು ನಿಂತಿತು. ಅಷ್ಟರಲ್ಲಿ, ಫೋಟೋಕ್ಕೆ ಈ ಕಡೆ ತಿರುಗಲಿ ಎಂದು ಯಾರೋ ಸಿಳ್ಳೆ ಹೊಡೆದರು. ಇಳಿಯುತ್ತಿದ್ದ ಮರಿ ಮತ್ತೆ ಬೆನ್ನೇರಿತು. ತಾಯಿ ಬಂಡೆಗೆ ಬಾಯಿ ಹಚ್ಚದೆಯೇ ಹೋಯಿತು. "ಮಾಮಾ, ಅದು ಉಣ್ಣಲೇ ಇಲ್ಲಲ್ಲ" ಎಂದ ತಂಗಿಯ ಮಗನಿಗೆ ನಾನು ಏನು ಹೇಳಲಿ? ಸಿಳ್ಳೆ ಹೊಡೆದವರ ಹಣೆಯಲ್ಲೂ ಆವತ್ತು ಕುಂಕುಮವಿತ್ತು, ನನ್ನ ಹಾಗೆಯೇ ಬೆಟ್ಟ ಹತ್ತಿ ಬಂದವರು.

ದೇವರಲ್ಲಿಗೆ ಬರುವಾಗ ಸ್ನಾನ, ಉಪವಾಸ ಮಾಡುತ್ತೇವೆ. ಗರ್ಭಗುಡಿಯ ಬಾಗಿಲು ಮುಚ್ಚಿದ್ದರೆ ಕಾಯುತ್ತೇವೆ, ಪೂಜಾರಿಯ ಮೇಲೆ ರೇಗುವುದಿಲ್ಲ (ರೇಗುವವರೂ ಇದ್ದಾರೆ ಅನ್ನಿ). ಕಾಡಿಗೂ ಅಷ್ಟು ಸಿದ್ಧತೆ ಬೇಕು. ಎಲ್ಲಕ್ಕಿಂತ ಮೊದಲು, ಕಾಣದೆ ಮರಳಿದರೂ ಸೈ ಎಂದು ಮನೆಯಲ್ಲೇ ಮನಸ್ಸು ಮಾಡಿಕೊಂಡು ಹೊರಡಿ, ಮಕ್ಕಳಿಗೂ ಹೇಳಿಡಿ. ಮಿಂಚುವ ಬಣ್ಣದ ಬಟ್ಟೆ ಬೇಡ, ಮಣ್ಣಿನ ಬಣ್ಣದ್ದಿರಲಿ. ಕರಡಿಯ ಕಣ್ಣು, ಕಿವಿಗಿಂತ ಮೂಗು ಬಲು ಚುರುಕು. ಆದ್ದರಿಂದ ಅತ್ತರು, ಸೆಂಟು ಬೇಡ. ಮೊಬೈಲ್ ಗಂಟೆ ಬಂದ್ ಮಾಡಿ. ದುರ್ಬೀನು ಇದ್ದರೆ ತನ್ನಿ, ಹತ್ತಿರ ಹೋಗುವ ಆಸೆ ಅರ್ಧ ಅದರಲ್ಲೇ ತೀರುತ್ತದೆ. ಪ್ರಸಾದದ ಪೊಟ್ಟಣವೂ ಸೇರಿ ತಿನಿಸೆಲ್ಲ ಗಾಡಿಯಲ್ಲೇ ಇರಲಿ. "ಇನ್ನೂ ಸ್ವಲ್ಪ ಮುಂದಕ್ಕ ಬಿಡಪಾ" ಎಂದು ಡ್ರೈವರನ ಕೈಗೆ ನೂರು ರೂಪಾಯಿ ತುರುಕಬೇಡಿ. ಅವನು ಬಡವ, ಇಲ್ಲ ಅನ್ನುವುದು ಅವನಿಗೆ ಕಷ್ಟ; ತಪ್ಪು ನಿಮ್ಮ ಲೆಕ್ಕಕ್ಕೇ ಬರುತ್ತದೆ. ಕಾಡಿನೊಳಗೆ ಎಲ್ಲಿಯೂ ಗಾಡಿಯಿಂದ ಇಳಿಯಬೇಡಿ. ಹೆಚ್ಚಾಗಿ ಕರಡಿ ಮನುಷ್ಯನ ಮೇಲೆ ಬೀಳುವುದು ಫಕ್ಕನೆ ಎದುರಾದಾಗ, ಹೆದರಿ.

ಸಂಜೆ ಮರಳುವಾಗ ಗಾಡಿ ನಿಧಾನವಿರಲಿ, ಹಾರ್ನ್ ಬೇಡ. ಅವು ಗುಡ್ಡ ಇಳಿದು ಹೊಲಗಳ ಕಡೆ ಹೋಗುವ ಹೊತ್ತು ಅದು.